‘ಸಾಧ್ಯವಾದಷ್ಟು’ ಎಂದರೆ ಎಷ್ಟು?



ಕೆಲವು ವರ್ಷಗಳ ಹಿಂದೆ ಡೆಂಕಣಿಕೋಟೆ ಕಡೆಯ ನಮ್ಮೂರ ಶಾಲೆಯಲ್ಲಿ ಕನ್ನಡ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಊರವರು ಸೇರಿ ಅರ್ಜಿ ಬರೆದೆವು. ಮೂರು ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬಂತು. ಅದರಲ್ಲಿ ‘ಮೇ ಬಿ ಕನ್ಸಿಡರ್ಡ್’ ಎಂಬ ಮಾತಿತ್ತು. ನಮ್ಮಲ್ಲಿ ಒಬ್ಬರು ಅದನ್ನು ಓದಿ, “ಪರಿಗಣಿಸುತ್ತಾರಂತೆ, ಇನ್ನೇನು ಮೇಷ್ಟ್ರು ಬಂದ ಹಾಗೆಯೇ” ಎಂದರು. ಎಲ್ಲರೂ ನಂಬಿದೆವು. ಎರಡು ವರ್ಷ ಕಾದೆವು. ಅಷ್ಟರಲ್ಲಿ ಅರ್ಧ ಮಕ್ಕಳು ಬೇರೆ ಶಾಲೆಗೆ ಹೋಗಿದ್ದರು. ಆ ಕಾಗದದಲ್ಲಿ ಸುಳ್ಳೇನೂ ಇರಲಿಲ್ಲ. ‘ಮೇ’ ಎಂದರೆ ಪರಿಗಣಿಸಬಹುದು, ಪರಿಗಣಿಸದೆಯೂ ಇರಬಹುದು. ಓದಿದ ನಾವೇ ಇಲ್ಲದ ಭರವಸೆಯನ್ನು ಅದರೊಳಗೆ ಕಂಡೆವು.

ಅಂದಿನಿಂದ ನನಗೆ ಒಂದು ವಿಷಯ ಮನದಟ್ಟಾಗಿದೆ. ನಮ್ಮ ಮಕ್ಕಳ ಹಕ್ಕುಗಳೆಲ್ಲ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟಿವೆ. ಆ ಭಾಷೆ ಒಂದು ಮಾತಿನ ಅಳತೆಯನ್ನು ಸಣ್ಣಸಣ್ಣ ಪದಗಳಲ್ಲಿ ಅಡಗಿಸಿಡುತ್ತದೆ. ‘ಶಲ್’ ಎಂದರೆ ಮಾಡತಕ್ಕದ್ದು. ‘ಮೇ’ ಎಂದರೆ ಮಾಡಬಹುದು. ‘ನೀಡ್ ನಾಟ್’ ಎಂದರೆ ಮಾಡಬೇಕಾಗಿಲ್ಲ, ‘ಮಸ್ಟ್ ನಾಟ್’ ಎಂದರೆ ಮಾಡಲೇಕೂಡದು. ಇವುಗಳ ಹಿಂದೆ ಇನ್ನೊಂದು ಬಾಲ ಬರುತ್ತದೆ: ಸಾಧ್ಯವಾದಷ್ಟು, ಲಭ್ಯತೆಗೆ ಒಳಪಟ್ಟು, ಅಗತ್ಯವೆಂದು ಕಂಡಲ್ಲಿ. ಹಕ್ಕು ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಬಾಲವೇ.

ಸಂವಿಧಾನವನ್ನೇ ನೋಡಿ. ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಜನರಿಗೆ ಅವನ್ನು ಉಳಿಸಿಕೊಳ್ಳುವ ಹಕ್ಕಿದೆ ಎನ್ನುತ್ತದೆ 29ನೆಯ ವಿಧಿ. ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸಬಹುದು ಎನ್ನುತ್ತದೆ 30ನೆಯ ವಿಧಿ. ಎರಡರಲ್ಲೂ ‘ಶಲ್ ಹ್ಯಾವ್ ದಿ ರೈಟ್’ ಎಂದೇ ಇದೆ. ಆದರೆ ನಮಗೆ ನೇರವಾಗಿ ಬೇಕಾದದ್ದು 1956ರಲ್ಲಿ, ರಾಜ್ಯಗಳ ಮರುವಿಂಗಡಣೆಯ ಹೊತ್ತಿಗೆ, ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಒದಗಿಸುವುದು ಪ್ರತಿ ರಾಜ್ಯದ ‘ಎಂಡೆವರ್’ ಆಗತಕ್ಕದ್ದು ಎನ್ನುತ್ತದೆ ಅದು. ಎಂಡೆವರ್ ಎಂದರೆ ಪ್ರಯತ್ನ. ಕಡ್ಡಾಯವಾದದ್ದು ಸೌಕರ್ಯವಲ್ಲ, ಸೌಕರ್ಯಕ್ಕಾಗಿ ಪಡುವ ಪ್ರಯತ್ನ. ಇದರ ಬಗ್ಗೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡ‘ಬಹುದು’. ಅಲ್ಲಿ ಮತ್ತೆ ‘ಮೇ’.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮೂ ಹೀಗೆಯೇ. ಬೋಧನಾ ಮಾಧ್ಯಮವು ಮಗುವಿನ ಮಾತೃಭಾಷೆಯಲ್ಲಿ ಇರತಕ್ಕದ್ದು, ಆದರೆ ‘ಆ್ಯಸ್ ಫಾರ್ ಆ್ಯಸ್ ಪ್ರಾಕ್ಟಿಕಬಲ್’, ಅಂದರೆ ಕಾರ್ಯಸಾಧ್ಯವಾದ ಮಟ್ಟಿಗೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಈಗ 2006ರ ತಮಿಳು ಕಲಿಕೆ ಕಾಯ್ದೆಯನ್ನು ಪಕ್ಕದಲ್ಲಿಟ್ಟು ನೋಡಿ. 2006–07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಹತ್ತನೆಯವರೆಗೆ ಎಲ್ಲ ಶಾಲೆಗಳಲ್ಲೂ ತಮಿಳನ್ನು ಕಲಿಸತಕ್ಕದ್ದು ಎಂದು ಅದು ವಿಧಿಸಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಇತರ ವಿಷಯಗಳು. ನಮ್ಮ ಕನ್ನಡ ನಾಲ್ಕನೆಯ ಭಾಗದಲ್ಲಿ, ಐಚ್ಛಿಕವಾಗಿ. ಮೊದಲ ಭಾಗದ ‘ಶಲ್’ಗೆ ‘ಸಾಧ್ಯವಾದಷ್ಟು’ ಎಂಬ ಬಾಲವಿಲ್ಲ. ತಮಿಳು ನಮ್ಮ ಮಕ್ಕಳಿಗೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಸಂತೆ, ಬಸ್ಸು, ನೌಕರಿ ಎಲ್ಲಕ್ಕೂ ಅದು ಬೇಕು. ಹೊಸೂರಿನ ಮಕ್ಕಳು ಮೂರು ಭಾಷೆಗಳನ್ನು ಬೀದಿಯಲ್ಲೇ ಕಲಿಯುತ್ತಾರೆ. ನಮ್ಮ ಪ್ರಶ್ನೆ ಇಷ್ಟೇ: ಬಾಲವಿಲ್ಲದ ‘ತಕ್ಕದ್ದು’ ರಾಜ್ಯಭಾಷೆಗೆ ಸಿಕ್ಕಿದಾಗ, ತಾಯ್ನುಡಿಯ ‘ತಕ್ಕದ್ದು’ವಿಗೆ ಮಾತ್ರ ಬಾಲವೇಕೆ? ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ವಿನಾಯಿತಿ ಬೇಕೆಂದು ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಮುಂದುವರಿಸಿದ್ದೂ ಒಂದು ವರ್ಷದ ಮಟ್ಟಿಗೆ ಮಾತ್ರ.

ಹಾಗಾದರೆ ‘ಸಾಧ್ಯವಾದಷ್ಟು’ ಎಂಬ ಪದವೇ ಕೆಟ್ಟದ್ದೇ? ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಅದೇ ಪದವಿದೆ. ಕೇಳಿದ ಮಾಹಿತಿಯನ್ನು ಸಾಧ್ಯವಾದಷ್ಟು ಬೇಗ ಕೊಡಬೇಕು ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ‘ಹೇಗಿದ್ದರೂ 30 ದಿನಗಳೊಳಗೆ’ ಎಂದು ಸೇರಿಸುತ್ತದೆ. ಆ ‘ಹೇಗಿದ್ದರೂ’ ಎಂಬ ಒಂದು ಮಾತಿನಿಂದ ಸಾಧ್ಯತೆಗೆ ಒಂದು ಗೆರೆ ಬಿತ್ತು. ಮೂವತ್ತೊಂದನೆಯ ದಿನ ಅಧಿಕಾರಿ ಉತ್ತರ ಹೇಳಬೇಕಾಗುತ್ತದೆ. ನಮ್ಮ ಶಾಲೆಗಳ ಕಾನೂನಿನಲ್ಲಿ ಇಲ್ಲದಿರುವುದು ಈ ಗೆರೆ.

ಗೆರೆ ಎಳೆದವರು ಇಲ್ಲದಿಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತು. ಇಡೀ ಶಾಲೆಯಲ್ಲಿ 40ಕ್ಕೆ ಕಡಿಮೆಯಿಲ್ಲದಂತೆ, ಇಲ್ಲವೇ ಒಂದು ತರಗತಿಯಲ್ಲಿ 10 ಮಂದಿ ಆ ಭಾಷೆಯ ಮಕ್ಕಳಿದ್ದರೆ, ಕಡೇಪಕ್ಷ ಒಬ್ಬ ಶಿಕ್ಷಕರನ್ನು ನೇಮಿಸಿ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು. ಇದು ಶಾಸನವಲ್ಲ, ಸರ್ಕಾರಗಳು ಒಪ್ಪಿಕೊಂಡ ನಿರ್ಣಯ. ಆದರೂ ಇದರಲ್ಲಿ ಅಂಕಿ ಇದೆ. ‘ಪಾರ್ಕಲಾಂ’ ಎಂದು ತಲೆಯಾಡಿಸಿ ಕಳಿಸುವವರಿಗೆ ಅಂಕಿಯ ಮುಂದೆ ಅಷ್ಟು ಸುಲಭವಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿಗಳು ಇವು. ಮೊದಲನೆಯದಾಗಿ, ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಜಾಗದಲ್ಲಿ ಕನ್ನಡ ಎಂದೇ ಬರೆಸಿ. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ ಅಥವಾ ಪಾಲಕರು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. 10 ಮತ್ತು 40ರ ಲೆಕ್ಕ ಶುರುವಾಗುವುದೂ ಆ ಒಂದು ಸಾಲಿನಿಂದಲೇ. ಎರಡನೆಯದಾಗಿ, ಕುಂದುಕೊರತೆಯ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅರ್ಜಿ ಕೊಡುವ ಅಧಿಕಾರವನ್ನು 350ನೆಯ ವಿಧಿ ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಅದು ಹೇಳುವುದಿಲ್ಲ, ನೆನಪಿರಲಿ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಪ್ರದೇಶದ ಆಡಳಿತ ಭಾಷೆಯಲ್ಲಿ ಇರಬೇಕು, ಅಂದರೆ ಇಲ್ಲಿ ತಮಿಳಿನಲ್ಲಿ. ಮೂರನೆಯದಾಗಿ, ಉತ್ತರ ಬಂದಾಗ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ‘ಶಲ್’ ಇದೆಯೇ, ‘ಮೇ’ ಇದೆಯೇ? ಯಾವಾಗ ಎಂಬ ದಿನಾಂಕವಿದೆಯೇ? ಇಲ್ಲದಿದ್ದರೆ ಅದು ಉತ್ತರವಲ್ಲವೆಂದು ತಿಳಿದು ಮರುದಿನವೇ ಮತ್ತೆ ಬರೆಯಿರಿ. ಕಾರ್ಯಸಾಧ್ಯವಲ್ಲ ಎಂದರೆ, ಯಾವ ಕಾರಣಕ್ಕೆ, ಎಷ್ಟು ಮಕ್ಕಳಿದ್ದರೆ ಸಾಧ್ಯ ಎಂದು ಕೇಳಿರಿ. ಕಾರ್ಯಸಾಧ್ಯ ಎಂಬುದಕ್ಕೆ ಅನುಕೂಲವಾದರೆ ಎಂಬ ಅರ್ಥವಿಲ್ಲ. ಆಗದು ಎಂದವರೇ ಏಕೆ ಆಗದೆಂದು ತೋರಿಸಬೇಕು.

ಕೊನೆಯದಾಗಿ, ಮನೆಯಲ್ಲಿ ಮಕ್ಕಳು ಇಂಗ್ಲಿಷ್ ಪಾಠ ಓದುವಾಗ ‘ಕ್ಯಾನ್’, ‘ಮೇ’, ‘ಮಸ್ಟ್’, ‘ಶಲ್’ ಇವುಗಳಿಗೆಲ್ಲ ‘ಬಹುದು’ ಎಂಬ ಒಂದೇ ಅರ್ಥ ಬರೆದುಕೊಳ್ಳದಂತೆ ನೋಡಿಕೊಳ್ಳಿ. ಬಹುದು, ಬೇಕು, ತಕ್ಕದ್ದು, ಕೂಡದು ಎಂದು ನಮ್ಮ ಕನ್ನಡದಲ್ಲೂ ಬೇರೆಬೇರೆ ಪದಗಳಿವೆ. ಅವುಗಳ ತೂಕ ತಿಳಿದ ಮಗುವಿಗೆ ಇಂಗ್ಲಿಷಿನ ತೂಕವೂ ತಿಳಿಯುತ್ತದೆ. ನಾಳೆ ಊರಿಗೆ ಕಾಗದ ಬಂದಾಗ ಅದನ್ನು ಓದಿ ಹೇಳಬೇಕಾದವರು ಆ ಮಕ್ಕಳೇ. ನಾವು ಕಾದ ಹಾಗೆ ಅವರು ಎರಡು ವರ್ಷ ಕಾಯುವಂತಾಗಬಾರದು.