ಟ್ರಂಕಿನಲ್ಲಿರುವ ನಡಾವಳಿ ಪುಸ್ತಕ

ನಮ್ಮ ಬೀದಿಯ ಮಾಜಿ ಸೈನಿಕರೊಬ್ಬರು ಒಮ್ಮೆ ತಮ್ಮ ಟ್ರಂಕು ತೆಗೆದು ತೋರಿಸಿದರು. ಡಿಸ್ಚಾರ್ಜ್ ಪುಸ್ತಕ, ಪದಕಗಳು, ಅವರ ಸಂಘದ ಹಳೆಯ ನಡಾವಳಿ ಪುಸ್ತಕ, ಒಂದು ಗುಂಪು ಫೋಟೊ. ಮುಂದಿನ ಸಾಲಿನವರ ಹೆಸರನ್ನು ಸಲೀಸಾಗಿ ಹೇಳಿದರು. ಹಿಂದಿನ ಸಾಲಿನ ಒಬ್ಬರ ಮೇಲೆ ಬೆರಳು ನಿಂತಿತು. ‘ಮಾಗಡಿ ಕಡೆಯೋನು ಕಣಪ್ಪ, ಹೆಸರೇ ಬರ್ತಿಲ್ಲ’ ಎಂದರು.

1971ರ ಯುದ್ಧದಲ್ಲಿ ಇಪ್ಪತ್ತರ ಹರೆಯದವರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಅವರ ಸೇವಾ ಸಂಖ್ಯೆ, ಪಿಂಚಣಿ ವಿವರ ಸೇನೆಯ ಕಡತದಲ್ಲಿರುತ್ತವೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಒಟ್ಟು ಸೇರಿದ್ದು, ತೀರಿಕೊಂಡ ಗೆಳೆಯನ ಹೆಂಡತಿಗೆ ಪಿಂಚಣಿ ಕೊಡಿಸಲು ಅಲೆದಿದ್ದು ಈ ನಡಾವಳಿ ಪುಸ್ತಕದಲ್ಲಷ್ಟೇ ಇದೆ. ಜಿಲ್ಲೆಯ ಹೆಸರಾದರೂ ಒಂದೇ ಉಳಿಯಿತೇ? ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಹಳೆಯ ವಿಳಾಸ ಹಿಡಿದು ಹುಡುಕುವವರ ಪಾಡು ಬೇಡ.

ಮೊದಲ ಮಹಾಯುದ್ಧಕ್ಕೆ ಹೋದ ಪಂಜಾಬಿನ ಸುಮಾರು 3,20,000 ಸೈನಿಕರ ದಾಖಲೆಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ 97 ವರ್ಷ ಸುಮ್ಮನೆ ಬಿದ್ದಿದ್ದವು. 2021ರಲ್ಲಿ ಅವುಗಳ ಡಿಜಿಟಲ್ ಪ್ರತಿ ಹೊರಬರತೊಡಗಿದಾಗ ಬ್ರಿಟನ್ನಿನಲ್ಲಿರುವ ಪಂಜಾಬಿ ಮನೆಗಳವರು ತಮ್ಮ ಪೂರ್ವಜರ ಹೆಸರು ಹುಡುಕಿಕೊಂಡರು. ಅಲ್ಲಿ ಊರುವಾರು ಪಟ್ಟಿಯನ್ನು ಯಾರೋ ಬರೆದಿಟ್ಟಿದ್ದರು. ನಮ್ಮಲ್ಲಿ?

ಪ್ರಾಜೆಕ್ಟ್‌ಗೆ ವಿಷಯವಿಲ್ಲವೆಂದು ಪರದಾಡುವ ನಾವು ಈ ಕೆಲಸ ಮಾಡಬಹುದು. ಪುಟಗಳನ್ನು ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ, ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದು, ಅವರ ಮಾತು ರೆಕಾರ್ಡ್ ಮಾಡಿಟ್ಟರೆ ಸಾಕು. ಲ್ಯಾಮಿನೇಷನ್ ಮಾತ್ರ ಬೇಡ, ಫೋಟೊ ಹಾಳಾಗುತ್ತದೆ. ಸೇವಾ ಸಂಖ್ಯೆಯಿರುವ ಪುಟಗಳನ್ನು ವಾಟ್ಸ್ಆ್ಯಪ್‌ಗೆ ಹಾಕುವುದೂ ಬೇಡ.

ಬರುವ ಭಾನುವಾರ ಆ ಫೋಟೊದ ಪ್ರತಿ ಹಿಡಿದು ಮಾಗಡಿಗೆ ಹೋಗುತ್ತಿದ್ದೇನೆ.