ಮತದ ಗುಮ್ಮ, ಪುರಾವೆಯಿಲ್ಲದ ಗುಮಾನಿ

2018ರ ಆಗಸ್ಟ್‌ನಲ್ಲಿ ರಾಮನಗರದಲ್ಲಿ ಎನ್‌ಐಎ ಒಬ್ಬನನ್ನು ಬಂಧಿಸಿತು. 2014ರ ಪಶ್ಚಿಮ ಬಂಗಾಳದ ಬರ್ದ್ವಾನ್ ಸ್ಫೋಟದಲ್ಲಿ ಬೇಕಾಗಿದ್ದ, ಬಾಂಗ್ಲಾದೇಶದ ಉಗ್ರ ಸಂಘಟನೆಯೊಂದರ ಆರೋಪಿ ಅವನು. ಇಲ್ಲಿ ಬಾಡಿಗೆ ಮನೆ ಹಿಡಿದು ವೇಷ ಮರೆಸಿಕೊಂಡಿದ್ದ. ಅಪಾಯ ಪಕ್ಕದ ಬೀದಿಯಲ್ಲೇ ಇತ್ತು ಎಂದು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅದೇ ವರ್ಷದ ನವೆಂಬರ್ 3ರಂದು ನಡೆದ ರಾಮನಗರ ಉಪಚುನಾವಣೆಯ ಬಗ್ಗೆ ಜನರಿಗೆ ನೆನಪಿರುವುದು, ಮತದಾನಕ್ಕೆ ಎರಡು ದಿನವಿರುವಾಗ ಬಿಜೆಪಿ ಅಭ್ಯರ್ಥಿ ಕಣಬಿಟ್ಟು ಕಾಂಗ್ರೆಸ್ ಸೇರಿದ ಪ್ರಸಂಗ ಮಾತ್ರ. 2023ರಲ್ಲಿ ಇದೇ ಕ್ಷೇತ್ರ ಇಕ್ಬಾಲ್ ಹುಸೇನ್ ಅವರನ್ನು ಗೆಲ್ಲಿಸಿತು. ಇಲ್ಲಿನ ಮತದಾರ ಜಾತಿ ನೋಡಿರಬಹುದು, ಮನೆತನ ನೋಡಿರಬಹುದು. ಭಯೋತ್ಪಾದನೆಯ ಗುಮ್ಮನನ್ನಂತೂ ನೋಡಿ ಮತ ಹಾಕಿದಂತಿಲ್ಲ.

ಗುಮ್ಮನನ್ನು ತೋರಿಸುವವರೇನೂ ಕಡಿಮೆಯಿರಲಿಲ್ಲ. 2023ರ ಮೇ 5ರಂದು ಬಳ್ಳಾರಿಯಲ್ಲಿ ಪ್ರಧಾನಿ ಒಂದು ಸಿನಿಮಾದ ಹೆಸರೆತ್ತಿ, ಕಾಂಗ್ರೆಸ್ ಭಯೋತ್ಪಾದನೆಯ ಪರ ನಿಂತಿದೆ ಎಂದರು. ಆ ಜಿಲ್ಲೆಯ ಐದಕ್ಕೆ ಐದೂ ಕ್ಷೇತ್ರಗಳು ಕಾಂಗ್ರೆಸ್ ಪಾಲಾದವು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಅದು ಹುಸಿಯಲ್ಲ, ಜನ ಗಾಯಗೊಂಡರು. ಲೋಕಸಭಾ ಚುನಾವಣೆ ಘೋಷಣೆಯಾದ ಮೂರು ದಿನಕ್ಕೆ, ಕೇಂದ್ರ ಸಚಿವೆಯೂ ಅಭ್ಯರ್ಥಿಯೂ ಆಗಿದ್ದ ಶೋಭಾ ಕರಂದ್ಲಾಜೆ, ತಮಿಳುನಾಡಿನಿಂದ ಬಂದವರು ಬಾಂಬ್ ಇಟ್ಟರು ಎಂದರು. ಆಮೇಲೆ ಕ್ಷಮೆ ಕೇಳಿದರು. ಏಪ್ರಿಲ್ 12ರಂದು ಎನ್‌ಐಎ ಬಂಧಿಸಿದ ಇಬ್ಬರು ಪ್ರಮುಖ ಆರೋಪಿಗಳು ನಮ್ಮದೇ ರಾಜ್ಯದ ತೀರ್ಥಹಳ್ಳಿಯವರು. ಸ್ಫೋಟ ನಿಜ, ಅದಕ್ಕೆ ಭಾಷಣ ಅಂಟಿಸಿದ ವಿಳಾಸ ಸುಳ್ಳು. ನಮ್ಮ ಅನುಮಾನ ಇರಬೇಕಾದದ್ದು ಈ ವಿಳಾಸದ ಮೇಲೆ.

ದುರದೃಷ್ಟವಶಾತ್ ರಾಮನಗರ ಭಾಗದ ಇಬ್ಬರು ದೊಡ್ಡ ನಾಯಕರು ಘಟನೆಗಳ ಮೇಲೆಯೇ ಅನುಮಾನ ಬೀರಿದರು. ಆಗ ಮುಖ್ಯಮಂತ್ರಿಯೂ ಚನ್ನಪಟ್ಟಣದ ಶಾಸಕರೂ ಆಗಿದ್ದ ಎಚ್.ಡಿ. ಕುಮಾರಸ್ವಾಮಿ, ಚುನಾವಣೆಗೆ ಮುನ್ನ ಯುದ್ಧದಂಥ ವಾತಾವರಣ ಬರಲಿದೆಯೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ತಮಗೆ ಎರಡು ವರ್ಷ ಮೊದಲೇ ತಿಳಿಸಿದ್ದರೆಂದು ಪುಲ್ವಾಮಾ ದಾಳಿಯ ಹಿನ್ನೆಲೆಯಲ್ಲಿ 2019ರ ಏಪ್ರಿಲ್‌ನಲ್ಲಿ ಹೇಳಿದರು. ಆ ಅಧಿಕಾರಿ ಯಾರು, ಆಧಾರವೇನು? ಹೇಳಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕನಕಪುರದ ಡಿ.ಕೆ. ಶಿವಕುಮಾರ್, ಮತದಾರರ ಮಾಹಿತಿ ಕಳವಿನಿಂದ ಗಮನ ಬೇರೆಡೆ ಸೆಳೆಯಲು ಮಂಗಳೂರಿನ ಕುಕ್ಕರ್ ಸ್ಫೋಟವನ್ನು ದೊಡ್ಡದು ಮಾಡಲಾಯಿತು ಎಂಬರ್ಥದಲ್ಲಿ ಮಾತಾಡಿದರು. ಮಾಹಿತಿ ಕಳವಿನ ದೂರು ಗಟ್ಟಿಯಾದದ್ದೇ. ಅದನ್ನು ಕುಕ್ಕರ್‌ಗೆ ಕಟ್ಟಿದ್ದರಿಂದ ಸಡಿಲವಾಯಿತು. ಆರೋಪಿ ಆಟೊದಲ್ಲೇ ಸುಟ್ಟುಕೊಂಡಿದ್ದ, ಎನ್‌ಐಎ ಆರೋಪಪಟ್ಟಿಯನ್ನೂ ಸಲ್ಲಿಸಿತು. ಪುರಾವೆಯಿಲ್ಲದ ಭಯವನ್ನು ಪುರಾವೆಯಿಲ್ಲದ ಗುಮಾನಿಯಿಂದ ಎದುರಿಸಿದರೆ ಲಾಭ ಭಯ ಹಂಚುವವರಿಗೇ.

ಹೀಗೆ ಪ್ರಶ್ನಿಸುತ್ತ ಕೂತರೆ ಒಂದು ದಿನ ನಿಜವಾದ ಎಚ್ಚರಿಕೆಯೂ ಕಡೆಗಣನೆಗೆ ಗುರಿಯಾಗುವುದಿಲ್ಲವೇ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಪೊಲೀಸರ ಎಚ್ಚರಿಕೆ ಜನರಿಂದ ಒಂದು ಕೆಲಸ ಕೇಳುತ್ತದೆ: ವಾರಸುದಾರರಿಲ್ಲದ ಬ್ಯಾಗ್ ಕಂಡರೆ ತಿಳಿಸಿ, ಬಾಡಿಗೆದಾರರ ದಾಖಲೆ ಪಡೆಯಿರಿ. ವೇದಿಕೆಯ ಎಚ್ಚರಿಕೆ ಕೇಳುವುದು ಮತವನ್ನಷ್ಟೇ. ಮೊದಲನೆಯದು ತಪ್ಪಾದರೆ ತಪ್ಪೆಂದು ಬಯಲಾಗುವ ದಾರಿಯೂ ಇದೆ. 2019ರ ಏಪ್ರಿಲ್ 26ರಂದು, ಶ್ರೀಲಂಕಾ ಸ್ಫೋಟದ ವಾರದಲ್ಲೇ, ತಮಿಳುನಾಡಿನ ರಾಮನಾಥಪುರದಲ್ಲಿ 19 ಉಗ್ರರಿದ್ದಾರೆ, ರೈಲುಗಳಿಗೆ ಅಪಾಯವಿದೆ ಎಂಬ ಕರೆ ಬೆಂಗಳೂರು ಪೊಲೀಸರಿಗೆ ಬಂತು. ರಾಜ್ಯದ ಪೊಲೀಸ್ ಮಹಾನಿರ್ದೇಶಕರು ನೆರೆ ರಾಜ್ಯಗಳಿಗೆ ಪತ್ರ ಬರೆದರು, ಪತ್ರ ಟಿವಿಗಳಿಗೂ ತಲುಪಿತು. ಕರೆ ಮಾಡಿದ ಮಾಜಿ ಸೈನಿಕ ಸಿಕ್ಕಿಬಿದ್ದಾಗ ಅದು ಸುಳ್ಳೆಂದು ಗೊತ್ತಾಯಿತು. ಪತ್ರ ಬರೆದದ್ದು ತಪ್ಪಲ್ಲ; ಪರಿಶೀಲನೆಗೆ ಮೊದಲೇ ಅದು ಸುದ್ದಿಯಾದದ್ದು ತಪ್ಪು.

ಭಯ ಹೇಗೂ ಮತವಾಗುತ್ತಿಲ್ಲವಲ್ಲ, ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಪುಲ್ವಾಮಾ ದಾಳಿಯ ಬಿಸಿಯಲ್ಲಿ ರಾಜ್ಯದ 28ರಲ್ಲಿ 25 ಸ್ಥಾನ ಬಿಜೆಪಿಗೆ ಹೋದಾಗ ಕಾಂಗ್ರೆಸ್ ಉಳಿಸಿಕೊಂಡ ಒಂದೇ ಕ್ಷೇತ್ರ ನಮ್ಮ ಬೆಂಗಳೂರು ಗ್ರಾಮಾಂತರ; 2024ರಲ್ಲಿ ಅದೂ ಬಿಜೆಪಿಗೆ ಹೋಯಿತು, ಆದರೆ ಅದಕ್ಕೆ ಜೆಡಿಎಸ್ ಮೈತ್ರಿ, ಅಭ್ಯರ್ಥಿ ಡಾ. ಮಂಜುನಾಥ್ ಅವರ ಹೆಸರು ಎಂಬ ಬೇರೆಯೇ ಕಾರಣಗಳಿವೆ. ಇರಲಿ. ಭಯದ ಲೆಕ್ಕ ಮತ ಎಣಿಕೆಯಲ್ಲಿ ಮುಗಿಯುವುದಿಲ್ಲ. ಕೆಲಸ ಹುಡುಕಿ ಬಂದ ಬಂಗಾಳಿ ಕೂಲಿಗೆ ಮನೆ ಕೊಡಲು ಮಾಲೀಕ ಹಿಂಜರಿದರೆ ಅದು ಯಾವ ಫಲಿತಾಂಶದಲ್ಲೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಚುನಾವಣೆಯ ನಂತರ ಗೃಹ ಇಲಾಖೆ ವಿಧಾನಮಂಡಲದ ಮುಂದೆ ಒಂದು ಪಟ್ಟಿ ಇಡಲಿ: ಎಷ್ಟು ಎಚ್ಚರಿಕೆಗಳು ಬಂದವು, ಎಷ್ಟು ನಿಜವಾದವು, ಎಷ್ಟು ಹುಸಿಯಾದವು. ಬೇಹುಗಾರರ ಹೆಸರು, ಮೂಲ ಯಾವುದೂ ಬೇಡ, ಬರೀ ಅಂಕಿ ಸಾಕು.