ಫ್ಯಾಟ್ ಪುಡಿಗೆ ಮೊದಲು ಬಣವೆ ನೋಡಿ

ಡೇರಿಯಲ್ಲಿ ಫ್ಯಾಟ್ ಇಳೀತು ಅಂದ ಕೂಡಲೇ ನಮ್ಮಲ್ಲಿ ಅನೇಕರು ಓಡುವುದು ಅಂಗಡಿಗೆ. ಫ್ಯಾಟ್ ಏರಿಸುವ ಪುಡಿ, ಟಾನಿಕ್ಕು, ಇನ್ನೊಂದು ಮೂಟೆ ಫೀಡು ತರ್ತಾರೆ. ಅದೇ ಮನೆಯವರು ಸುಗ್ಗಿಯಲ್ಲಿ ರಾಗಿ ಹುಲ್ಲನ್ನು ಲಾರಿಗೆ ತುಂಬಿಸಿ ಮಾರಿರುತ್ತಾರೆ. ಇದು ತಲೆಕೆಳಗಾದ ಲೆಕ್ಕ.

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲ ದೊಡ್ಡ ಚೀಲದಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಹುಲ್ಲಿನ ನಾರನ್ನು ಕೊಳೆಸಿ ಕರಗಿಸುತ್ತವೆ. ಆಗ ಹುಟ್ಟುವ ಅಸಿಟಿಕ್ ಆಮ್ಲ ರಕ್ತದ ಮೂಲಕ ಕೆಚ್ಚಲಿಗೆ ಹೋಗಿ ಕೊಬ್ಬಾಗುತ್ತದೆ. ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಹೀಗೆ ಕೆಚ್ಚಲಲ್ಲೇ ತಯಾರಾಗುವಂಥದ್ದು. ಅಂದ್ರೆ ಫ್ಯಾಟಿನ ಬೇರು ಇರೋದು ನಾರಿನಲ್ಲಿ.

ಫೀಡು, ಜೋಳದ ನುಚ್ಚು, ಹಿಟ್ಟು ಜಾಸ್ತಿಯಾಗಿ ಹುಲ್ಲು ಕಡಿಮೆಯಾದರೆ ಚೀಲದಲ್ಲಿ ಹುಳಿ ಮಿತಿಮೀರುತ್ತದೆ. ನಾರು ಕರಗಿಸುವ ಜೀವಾಣುಗಳು ಸೊರಗುತ್ತವೆ. ಹಾಲು ಕಡಿಮೆಯಾಗದಿದ್ದರೂ ಫ್ಯಾಟ್ ಬೀಳುತ್ತೆ. ಸಗಣಿ ತೆಳ್ಳಗಾಗುತ್ತೆ, ಅದರಲ್ಲಿ ಕಾಳು ಹಾಗೇ ಬರುತ್ತೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನ ಹೊಟ್ಟೆ ತುಂಬ ತಿಂದು ಹಸು ಸಾಯುವುದೂ ಇದೇ ಹುಳಿಯಿಂದ.

ಈ ಹುಳಿಗೆ ಮದ್ದು ಹಸುವಿನ ಬಾಯಲ್ಲೇ ಇದೆ. ಚೆನ್ನಾಗಿ ಹುಲ್ಲು ತಿಂದು ಮೆಲುಕು ಹಾಕುವ ಹಸುವಿಗೆ ದಿನಕ್ಕೆ 100 ಲೀಟರಿನಷ್ಟು ಜೊಲ್ಲು ಒಳಗಿಳಿಯುತ್ತೆ. ಅದರಲ್ಲಿ ಅಡುಗೆ ಸೋಡಾದ ಅಂಶವೇ ಇದೆ. ಹುಲ್ಲು ಕಿತ್ತುಕೊಂಡು ಸೋಡಾ ಕೊಂಡು ತಿನ್ನಿಸುವುದು ಯಾವ ಬುದ್ಧಿವಂತಿಕೆ?

ಪುಡಿಗಳೆಲ್ಲ ಸುಳ್ಳು ಅಂತ ನಾನು ಹೇಳೋದಿಲ್ಲ. ಬೈಪಾಸ್ ಫ್ಯಾಟ್ ಮೊದಲ ಚೀಲದಲ್ಲಿ ಕರಗದೆ ಮುಂದೆ ಹೋಗಿ ಜೀರ್ಣವಾಗುತ್ತೆ. ಕರು ಹಾಕಿದ ಹೊಸದರಲ್ಲಿ, ಹೆಚ್ಚು ಹಾಲು ಕೊಟ್ಟು ಬಡವಾಗುವ ಹಸುವಿಗೆ ದಿನಕ್ಕೆ 100ರಿಂದ 150 ಗ್ರಾಂ ಕೊಟ್ಟರೆ ಉಪಯೋಗವುಂಟು. ಐದಾರು ಲೀಟರಿನ ಹಸುವಿಗೆ ಅದು ದಂಡ. ಆದರೆ ಅಡುಗೆ ಎಣ್ಣೆ ಸುರಿಯುವುದು ಬೇಡ. ಎಣ್ಣೆ ಜಾಸ್ತಿಯಾದರೆ ನಾರಿಗೆ ಮೆತ್ತಿಕೊಂಡು ಜೀವಾಣುಗಳ ಕೆಲಸ ಕೆಡಿಸುತ್ತೆ. ಖನಿಜ ಮಿಶ್ರಣ ಹಸುವಿನ ಆರೋಗ್ಯಕ್ಕೆ, ಗಬ್ಬಕ್ಕೆ ಬೇಕೇ ಬೇಕು. ಅದರಿಂದ ಫ್ಯಾಟ್ ಏರುತ್ತೆ ಅಂತ ಕಾಯಬೇಡಿ.

ದುಡ್ಡು ಬಿಚ್ಚುವ ಮುಂಚೆ ಇಷ್ಟು ಮಾಡಿ. ಮೊದಲು ಒಣಹುಲ್ಲು ಹಾಕಿ, ಆಮೇಲೆ ಫೀಡು. ದಿನದ ಫೀಡನ್ನು ಒಂದೇ ಸಲ ಸುರಿಯದೆ ಎರಡು ಮೂರು ಸಲ ಮಾಡಿ. ಮೇವು ಬದಲಿಸುವಾಗ ಹತ್ತು ದಿನ ತಗೊಂಡು ನಿಧಾನಕ್ಕೆ ಬದಲಿಸಿ. ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ನೋಡಿ: ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕ್ತಿರಬೇಕು. ಕರೆಯುವಾಗ ಕೊನೆಯ ಹಾಲು ಬಿಡಬೇಡಿ, ಫ್ಯಾಟ್ ಹೆಚ್ಚಿರೋದು ಅದರಲ್ಲೇ.

ನಮ್ಮ ಬಯಲುಸೀಮೆಯವರಿಗೆ ರಾಗಿ ಅಂದ್ರೆ ಕಾಳು ಒಂದು ಬೆಳೆ, ಹುಲ್ಲು ಇನ್ನೊಂದು ಬೆಳೆ. ತಳಿ ಆರಿಸುವಾಗ ಎಷ್ಟು ಕ್ವಿಂಟಾಲ್ ಅಂತ ಮಾತ್ರ ಕೇಳ್ತೀವಿ, ಹುಲ್ಲು ಎಷ್ಟು ಅಂತಲೂ ಕೇಳಬೇಕು. ಒಂದು ಹಸುವಿಗೆ ದಿನಕ್ಕೆ 6 ಕೆ.ಜಿ. ಅಂದ್ರೂ ವರ್ಷಕ್ಕೆ 2 ಟನ್ ಮೇಲೆ ಹುಲ್ಲು ಬೇಕು. ಅಷ್ಟನ್ನು ಬಣವೆಯಲ್ಲಿ ಉಳಿಸಿಕೊಂಡು, ಮಿಕ್ಕಿದ್ದಿದ್ದರೆ ಲಾರಿಯವನಿಗೆ ಕೊಡಿ.